ಗಂಗವ್ವ ಹಾಕದ ಕಾಳು

ಹಸಿ ಗೋವಿನಜೋಳ ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ಅರ್ಧ ಸಿಹಿ, ಅರ್ಧ ಹುಳಿ, ಮೇಲಿಷ್ಟು ಧೂಳು. ಕಳೆದ ಕಾರ್ತಿಕದಲ್ಲಿ ಹಾವೇರಿಗೆ ಪರೀಕ್ಷಕಳಾಗಿ ಹೋಗಿದ್ದೆ. ಕೆಲಸ ಮುಗಿಸಿ ರಾಣೇಬೆನ್ನೂರಿನ ಮನೆಗೆ ಹೊರಟಾಗ ಡ್ರೈವರ್ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದ. ರಸ್ತೆಯ ಅರ್ಧದಲ್ಲಿ ಜೋಳ ಹರಡಿತ್ತು. ಉಳಿದರ್ಧದಲ್ಲಿ ನಾವು, ಎದುರಿನಿಂದ ಬರುವ ಬಸ್ಸು ಮತ್ತು ಇಬ್ಬರಿಗೂ ದಾರಿ ಬಿಡದ ಒಂದು ಎಮ್ಮೆ. ಡ್ರೈವರ್ ಗೊಣಗುತ್ತಿದ್ದ. ನಾನು ಕಿಟಕಿಯ ಗಾಜು ಇಳಿಸಿ ಮೂಗು ಹೊರಗಿಟ್ಟು ಕುಳಿತುಬಿಟ್ಟೆ. ಆ ವಾಸನೆ ಬಂದರೆ ನನಗೆ ಕುಪ್ಪೇಲೂರಿನ ಒಂದು ಮಳೆಗಾಲ ಮತ್ತು ಅದರ ಬೆನ್ನಿಗೆ ಬಂದ ಸುಗ್ಗಿ ನೆನಪಾಗುತ್ತದೆ. ಮೊದಲು ನಗು ಬರುತ್ತದೆ, ಆಮೇಲೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಆಗ ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಸಮುದಾಯ ಆರೋಗ್ಯ ಕಲಿಸುವ ಹೊಸ ಅಧ್ಯಾಪಕಿ. ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ, ಜಗತ್ತನ್ನು ತಿದ್ದುವ ಹುರುಪು ಮಾತ್ರ ಮೈತುಂಬ ಇತ್ತು. ನಮ್ಮ ಎಂಟು ವಿದ್ಯಾರ್ಥಿಗಳು ಪ್ರತಿ ಗುರುವಾರ ಬಸ್ಸು ಹತ್ತಿ ರಾಣೇಬೆನ್ನೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಕುಪ್ಪೇಲೂರಿಗೆ ಹೋಗಬೇಕು. ಒಬ್ಬೊಬ್ಬರಿಗೆ ಒಂದೊಂದು ಮನೆ. ಆ ಮನೆಯವರ ಬಿಪಿ, ಸಕ್ಕರೆ ನೋಡಬೇಕು, ಕಷ್ಟಸುಖ ವಿಚಾರಿಸಬೇಕು, ಗೋಡೆಯ ಮೊಳೆಗೆ ನೇತುಹಾಕಿದ ಕಾರ್ಡಿನಲ್ಲಿ ಆ ವಾರದ ಖಾನೆ ತುಂಬಬೇಕು. ತಿಂಗಳ ಕೊನೆಗೆ ನಾನು ಹೋಗಿ ಎಲ್ಲ ಕಾರ್ಡುಗಳಿಗೂ ಸಹಿ ಹಾಕಬೇಕು. ಕಾರಹುಣ್ಣಿಮೆ ಮುಗಿದ ವಾರವೇ ಇದು ಶುರುವಾಯಿತು.

ವೈದ್ಯ ವಿದ್ಯಾರ್ಥಿಯ ಜ್ಞಾನಕ್ಕೆ ಅಂಕ ಕೊಡುವುದು ಕಷ್ಟದ ಕೆಲಸವಲ್ಲ. ಪ್ರಶ್ನೆ ಕೇಳಿದರಾಯಿತು. ಕೈಯ ಕೌಶಲ ನೋಡಬೇಕೆಂದರೆ ಎದುರಿಗೆ ನಿಂತು ನೋಡಿದರಾಯಿತು. ಆದರೆ ಈ ಹುಡುಗ ನಾಳೆ ರೋಗಿಯ ಜೊತೆ ನೆಟ್ಟಗೆ ನಡೆದುಕೊಳ್ಳುತ್ತಾನೆಯೇ, ಇವನನ್ನು ನಂಬಬಹುದೇ ಎಂಬುದನ್ನು ಹೇಳುವವರು ಯಾರು? ಎದುರಿಗೆ ಅಧ್ಯಾಪಕರು ನಿಂತರೆ ಎಲ್ಲರೂ ಸಜ್ಜನರೇ. ಹಾಗಾಗಿ ಆ ಅಂಕವನ್ನು ಮನೆಯವರೇ ಕೊಡಲಿ ಎಂದು ನಾನು ಸೂಚಿಸಿದೆ. ನಮ್ಮ ವಿಭಾಗದ ಮುಖ್ಯಸ್ಥರು ದೇಸಾಯಿ ಸರ್. ಧಾರವಾಡದವರು, ಒಳ್ಳೆಯ ಮನುಷ್ಯ, ಕಾಗದಪತ್ರದಲ್ಲಿ ಒಂದು ಅಕ್ಷರ ಆಚೀಚೆ ಆದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಕನ್ನಡಕ ಮೇಲೇರಿಸಿ ನನ್ನನ್ನು ನೋಡಿ, "ಮಾಡ್ರಿ, ಆದ್ರ ಕಡೀಕ ನನ್ನ ತಲೀಗೆ ತರಬ್ಯಾಡ್ರಿ," ಎಂದು ಒಪ್ಪಿಗೆ ಕೊಟ್ಟರು.

ಮೊದಲು ನಾನು ಹತ್ತು ಪ್ರಶ್ನೆಗಳ ಒಂದು ನಮೂನೆ ಬರೆದೆ. ರಾತ್ರಿ ಹಗಲು ತಿದ್ದಿ ಬರೆದದ್ದು. "ವಿದ್ಯಾರ್ಥಿಯು ತಮ್ಮೊಡನೆ ವೃತ್ತಿಪರ ಘನತೆಯಿಂದ ವರ್ತಿಸಿರುತ್ತಾರೆಯೇ?" ಎಂಬುದು ಅದರ ಮೊದಲ ಪ್ರಶ್ನೆ. ಅದನ್ನು ಪರೀಕ್ಷೆಗೆಂದು ಕುಪ್ಪೇಲೂರಿನ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ, ಕೈ ಮುಗಿದುಕೊಂಡು ಹತ್ತೂ ಪ್ರಶ್ನೆ ಕೇಳಿಸಿಕೊಂಡರು. ಮುಗಿದ ಮೇಲೆ ಕಣ್ಣು ತೆರೆದು, "ಛಲೋ ಓದಿದ್ರಿ ಬಾಯಾರ. ಇದು ಯಾವ ದೇವರದ್ರಿ?" ಎಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ನಮೂನೆಯಲ್ಲಿ ಶೇಂಗಾ ಕಟ್ಟಿಕೊಂಡು ತಿಂದೆ.

ನನ್ನ ತವರು ಬ್ಯಾಡಗಿ. ನಮ್ಮಪ್ಪ ಮೆಣಸಿನಕಾಯಿ ಚೀಲದೊಳಗೆ ಕೈ ಇಳಿಸಿ, ಒಂದು ಹಿಡಿ ತೆಗೆದು, ಅದರ ಯೋಗ್ಯತೆ ಇಷ್ಟೇ ಎಂದು ಹೇಳಿಬಿಡುತ್ತಿದ್ದರು. ಅವರಿಗೆ ಹತ್ತು ಪ್ರಶ್ನೆ ಬೇಕಾಗುತ್ತಿರಲಿಲ್ಲ. ಅದನ್ನು ನೆನೆಸಿಕೊಂಡು ಹತ್ತನ್ನು ಒಂದಕ್ಕೆ ಇಳಿಸಿದೆ. "ನಾಳೆ ನಿಮಗೆ ಜಡ್ಡು ಬಂದರೆ ಈ ಹುಡುಗನ ಹತ್ತಿರ ಹೋಗ್ತೀರೇನು?" ಅಷ್ಟೇ. ಓದಲು ಬಾರದವರಿಗೂ ಆಗಲಿ ಎಂದು ಗೋವಿನಜೋಳದ ಐದು ಕಾಳು, ಒಂದು ಸ್ಟೀಲಿನ ಬಟ್ಟಲು. ಪೂರಾ ನಂಬಿಕೆ ಇದ್ದರೆ ಐದೂ ಹಾಕಿ, ಇಲ್ಲದಿದ್ದರೆ ಕಡಿಮೆ ಹಾಕಿ. ಮುಲಾಜು ಬೇಡ ಎಂದು ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದು. ಇದಕ್ಕಿಂತ ಸರಳವಾದದ್ದು ಇನ್ನೇನಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಹಾನವಮಿ ಮುಗಿದ ಮೇಲೆ ಬಟ್ಟಲು ಹಿಡಿದುಕೊಂಡು ಮನೆಮನೆಗೆ ಹೋದೆ. ಮೊದಲನೆಯ ಮನೆಯಲ್ಲಿ ಗೋಡೆ ನೋಡುತ್ತ ನಿಂತಿದ್ದೇನೆ, ಬೆನ್ನ ಹಿಂದೆ ಟಣ್ ಟಣ್ ಎನ್ನುವ ಸದ್ದು ಐದಕ್ಕೆ ನಿಲ್ಲಲೇ ಇಲ್ಲ. ತಿರುಗಿ ನೋಡಿದರೆ ಬಟ್ಟಲಲ್ಲಿ ಏಳು ಕಾಳು. ಮನೆಯಲ್ಲಿದ್ದ ಜೋಳದಿಂದ ಎರಡು ಸೇರಿಸಿದ್ದರು.

"ಐದಽ ಹಾಕಬೇಕ್ರಿ," ಎಂದೆ.

"ಐದು ಅಳತಿ ಆತ್ರಿ. ಮ್ಯಾಲ ಕೊಸರು ಬ್ಯಾಡೇನು?" ಎಂದಳು ಆ ಮನೆಯ ಗೃಹಿಣಿ, ನನಗೇ ಬುದ್ಧಿ ಕಡಿಮೆ ಎಂಬಂತೆ.

ನಮ್ಮ ಕಡೆ ಯಾರೂ ಅಳೆದು ಮಟ್ಟಸವಾಗಿ ಕೊಡುವುದಿಲ್ಲ. ಜೋಳ ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಕೊಟ್ಟವರ ಕೈಗೇ ಅವಮಾನ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ಆದರೂ ಹೊಳೆದಿರಲಿಲ್ಲ, ಓದಿದ್ದು ಜಾಸ್ತಿಯಾದರೆ ಹೀಗೇ. ಎರಡನೆಯ ಮನೆಯಲ್ಲಿ ಎಂಟು ಕಾಳು ಬಿದ್ದವು. ಮೂರನೆಯ ಮನೆಯ ಅಜ್ಜ ಕಾಳು ಎಣಿಸುವ ಗೊಡವೆಗೇ ಹೋಗದೆ, "ಆ ಹುಡುಗಿ ನಮ್ಮನಿ ಮಗಳಿದ್ದಂಗ," ಎಂದು ಟವೆಲ್ಲಿನಲ್ಲಿ ಒಂದು ಸೇರು ಜೋಳ ಕಟ್ಟಿ ನನ್ನ ಕೈಗಿಟ್ಟ. ದೇಸಾಯಿ ಸರ್ ಮುಂದೆ ಈ ಲೆಕ್ಕದ ಹಾಳೆ ಇಟ್ಟಾಗ ಅವರು ಅದರ ಅಂಚಿನಲ್ಲಿ ಗುಣಿಸಿ ಭಾಗಿಸಿ ನೋಡಿದರು. ಆಮೇಲೆ, "ಐದಕ್ಕ ಎಂಟು ಅಂದ್ರ ಶೇಕಡಾ ನೂರಾ ಅರವತ್ತು. ನನ್ನ ಸರ್ವೀಸಿನ್ಯಾಗ ಇಷ್ಟು ಶಾಣ್ಯಾ ಹುಡುಗೂರ್ನ ನಾ ನೋಡಿಲ್ಲ," ಎಂದರು.

ಆದರೆ ಆ ಹಾಳೆಯ ಕೊನೆಯ ಸಾಲಿನಲ್ಲಿ ಒಂದು ಸೊನ್ನೆ ಇತ್ತು. ಗಂಗವ್ವನ ಮನೆಯ ಬಟ್ಟಲು ಖಾಲಿ. ಹುಡುಗನ ಹೆಸರು ಪ್ರಣವ್.

ಪ್ರಣವ್ ಹಾಸನದ ಕಡೆಯವನು, ತರಗತಿಗೆ ಮೊದಲಿಗ. ಬಿಳಿ ಕೋಟಿಗೆ ಇಸ್ತ್ರಿ ಎಷ್ಟು ಚೂಪಾಗಿರುತ್ತಿತ್ತೆಂದರೆ ಅದರ ಗೆರೆಗೆ ಕೈ ತಾಗಿಸಲು ಹೆದರಿಕೆ. ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿದ್ಧ. ಗಂಗವ್ವ ಅರವತ್ತು ದಾಟಿದ ಹೆಣ್ಣುಮಗಳು, ಬಿಪಿ ಇತ್ತು, ದಿನಕ್ಕೊಂದು ಗುಳಿಗೆ. ಮನೆಯ ಹೊಲದ ಉಸ್ತುವಾರಿ ಇನ್ನೂ ಅವಳದೇ. ಮಗ ಟ್ರ್ಯಾಕ್ಟರಿನ ಹಿಂದೆ, ಸೊಸೆ ರೇಣುಕಾ ಊರಿನ ಅಂಗನವಾಡಿಯಲ್ಲಿ. ಗಂಗವ್ವ ಮಾತು ಕಡಿಮೆ. ಹುಡುಗ ಗುರುವಾರ ಬಂದರೆ ಕೈ ಚಾಚಿ ಕೂರುತ್ತಿದ್ದಳು. ಅವನು ಪಟ್ಟಿ ಕಟ್ಟಿ, ಬಿಪಿ ನೋಡಿ, ಉಪ್ಪಿನ ಮೇಲೆ ಒಂದು ಭಾಷಣ ಮಾಡಿ, ಕಾರ್ಡು ತುಂಬಿ ಹೋಗುತ್ತಿದ್ದ.

ಯಾವುದಾದರೂ ಮನೆಯಿಂದ ಸೊನ್ನೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನಿಯಮದಲ್ಲಿ ನಾನೇ ಬರೆದಿದ್ದೆ. ಯಾವ ಕುಟುಂಬ ವಿದ್ಯಾರ್ಥಿಯನ್ನು ಪೂರ್ತಿ ತಿರಸ್ಕರಿಸುತ್ತದೆಯೋ ಆ ವಿದ್ಯಾರ್ಥಿ ಮೂರು ತಿಂಗಳು ಮತ್ತೆ ಊರಿನ ಕೆಲಸ ಮಾಡಬೇಕು. ಅಂದರೆ ಮುಂದಿನ ಪರೀಕ್ಷೆಗೆ ತನ್ನವರ ಜೊತೆ ಕೂರುವಂತಿಲ್ಲ. ಹಿಂದೆ ಉಳಿಯಬೇಕು. ಎಲ್ಲರಿಗಿಂತ ಮುಂದಿದ್ದವನು ಒಂದು ಖಾಲಿ ಬಟ್ಟಲಿಗೆ ಹಿಂದೆ ಉಳಿಯುತ್ತಾನೆಂದರೆ ನಿಯಮ ಬರೆದ ನನಗೇ ಅದು ಸರಿಕಾಣಲಿಲ್ಲ.

ಕಾರಣ ನನಗೆ ಥಟ್ಟನೆ ಹೊಳೆಯಿತು. ಚಹಾ! ವರ್ಷದ ಮೊದಲ ಪಾಠದಲ್ಲಿ ನಾನು ಗಂಟಲು ಹರಿಯುವಂತೆ ಹೇಳಿದ್ದೆ, ರೋಗಿಯ ಮನೆಯಿಂದ ಏನನ್ನೂ ಸ್ವೀಕರಿಸಬಾರದು, ಅದು ವೈದ್ಯನಿಗೆ ತರವಲ್ಲ ಎಂದು. ಉಳಿದ ಏಳು ಮಂದಿ ಆ ದಿನ ನಿದ್ದೆ ಮಾಡಿದ್ದರೆಂದು ಕಾಣುತ್ತದೆ. ಮನೆಮನೆಯಲ್ಲಿ ಒಗ್ಗರಣೆ, ಮಿರ್ಚಿ, ಶೇಂಗಾ ಹೋಳಿಗೆ ತಿಂದು ಮೈ ತುಂಬಿಕೊಂಡಿದ್ದರು. ಪ್ರಣವ್ ಒಬ್ಬನೇ ನನ್ನ ಮಾತನ್ನು ನಡೆಸಿದವನು. ನೀರಿನ ಬಾಟಲಿಯನ್ನೂ ತಾನೇ ತರುತ್ತಿದ್ದ. ಮನೆಗೆ ಬಂದವನು ಒಂದು ಗುಟುಕು ನೀರು ಮುಟ್ಟದಿದ್ದರೆ ಈ ಕಡೆ ಅದು ಸಣ್ಣ ಮಾತಲ್ಲ. ನಮ್ಮ ನೀರು ಇವನಿಗೆ ಆಗುವುದಿಲ್ಲವೇನು ಎಂದು ಕೇಳುವಷ್ಟು ದೊಡ್ಡ ಮಾತು. ಪಾಪದ ಹುಡುಗ, ನನ್ನ ಪಾಠ ಕೇಳಿ ಕೆಟ್ಟ ಎಂದುಕೊಂಡೆ. ಗಂಗವ್ವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಹಳ್ಳಿಯ ಮುದುಕಿ, ಚಹಾ ಅಲ್ಲದೆ ಇನ್ನೇನಿರುತ್ತದೆ ಎಂದು ನಾನೇ ತೀರ್ಮಾನಿಸಿದೆ.

ದೇಸಾಯಿ ಸರ್‌ಗೆ ಒಂದು ಟಿಪ್ಪಣಿ ಬರೆದೆ. ಆತಿಥ್ಯ ನಿರಾಕರಿಸಿದ್ದರಿಂದ ಉಂಟಾದ ತಪ್ಪು ತಿಳಿವಳಿಕೆಯಾದ್ದರಿಂದ ಈ ಸೊನ್ನೆಯನ್ನು ಕೈಬಿಟ್ಟು ಬೇರೆ ಅಂಕಗಳ ಸರಾಸರಿ ಪರಿಗಣಿಸಬಹುದು ಎಂಬ ಅರ್ಥದ್ದು. ಅವರಿಗೆ ಭಾಷೆ ಹಿಡಿಸಿತು. "ಇದು ಖರೇ ಇರಬೇಕು," ಎಂದು ಸಹಿ ಹಾಕಿದರು. ಆದರೂ ನನ್ನ ಸಮಾಧಾನಕ್ಕೆ ಪ್ರಣವ್‌ನನ್ನು ಕರೆದು, "ಈ ಗುರುವಾರ ಹೋಗಿ ಅವರ ಮನೆಯಲ್ಲಿ ಚಹಾ ಕುಡಿದು ಬಾ. ನಿಯಮ ನಾನು ತಿದ್ದಿದ್ದೇನೆ," ಎಂದೆ.

"ಚಹಾದಿಂದಲೇ ಅಂತೀರಾ ಮೇಡಂ?" ಎಂದ. ಅವನ ಮುಖದಲ್ಲಿ ಇದ್ದಕ್ಕಿದ್ದಂತೆ ಒಂದು ನಿರಾಳ ಕಂಡಿತು. ಆ ನಿರಾಳದ ಬಗ್ಗೆ ನಾನು ಆಗ ಯೋಚಿಸಬೇಕಿತ್ತು.

ಗುರುವಾರದ ಕಥೆಯನ್ನು ಅವನ ಗೆಳೆಯರು ಹೇಳಿ ಹೇಳಿ ನಕ್ಕರು. ಹುಡುಗ ಗಂಗವ್ವನ ಮನೆಯಲ್ಲಿ ತಾನಾಗಿಯೇ, "ಅಜ್ಜಿ, ಚಹಾ ಕೊಡ್ತೀರಾ?" ಎಂದು ಕೇಳಿದನಂತೆ. ಚಹಾ ಬಂತು. ಅದರ ಹಿಂದೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಬಂದವು. ತಿನ್ನದ ಹುಡುಗ ತಿನ್ನಾಕತ್ತಾನ ಎಂಬ ಸುದ್ದಿ ಓಣಿಯಲ್ಲಿ ಹರಡಿ, ಹೊರಗೆ ಬಂದವನನ್ನು ಆಚೆ ಮನೆಯವರು ಎಳೆದುಕೊಂಡು ಹೋದರು, ಅಲ್ಲಿಂದ ಈಚೆ ಮನೆಯವರು. ನಾಲ್ಕನೆಯ ಮನೆಯಲ್ಲಿ ಕೆಂಪು ಮೆಣಸಿನಕಾಯಿ ಚಟ್ನಿಯನ್ನು ಹಾಸನದ ಖಾರವಿಲ್ಲದ ಚಟ್ನಿಯೆಂದು ತಿಳಿದು ರೊಟ್ಟಿಗೆ ಒಂದು ಮುಷ್ಟಿ ಬಳಿದುಕೊಂಡನಂತೆ. ಶುಕ್ರವಾರ ಅವನು ತರಗತಿಗೆ ಬರಲಿಲ್ಲ. ಶನಿವಾರ ಬಂದ, ಆದರೆ ಬೆಂಚಿನ ತುದಿಗೆ ಕುಳಿತ.

ಮುಂದಿನ ಗುರುವಾರ, ಹುಡುಗರೆಲ್ಲ ವಾಪಸು ಬಸ್ಸು ಹತ್ತಿದ ಮೇಲೆ, ನಾನು ಗೆಲುವಿನಿಂದ ಬಟ್ಟಲು ಹಿಡಿದು ಗಂಗವ್ವನ ಮನೆಗೆ ಹೋದೆ. ಸರಾಸರಿಯ ಗೊಂದಲ ಯಾಕೆ, ಅವಳ ಕೈಯಿಂದಲೇ ಕಾಳು ಹಾಕಿಸಿದರೆ ಚೆಂದ ಎಂಬ ಆಸೆ. ದೀಪಾವಳಿ ಹತ್ತಿರ ಬಂದಿತ್ತು, ಅಂಗಳದ ತುಂಬ ಹೊಸ ಜೋಳದ ತೆನೆ ಬಿದ್ದಿತ್ತು. ಬಟ್ಟಲು ಅವಳ ಮುಂದಿಟ್ಟು ಗೋಡೆಗೆ ಮುಖ ಮಾಡಿದೆ. ಟಣ್ ಎನ್ನುವುದನ್ನು ಕಾಯುತ್ತ ನಿಂತೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಅಷ್ಟೂ ಹಬ್ಬ ಓದಿ ಮುಗಿಸಿದೆ. ಸದ್ದೇ ಇಲ್ಲ. ತಿರುಗಿದರೆ ಬಟ್ಟಲು ಖಾಲಿ, ಗಂಗವ್ವ ತೆನೆ ಬಿಡಿಸುತ್ತ ಕುಳಿತಿದ್ದಾಳೆ.

"ಯಾಕ್ರಿ ಗಂಗವ್ವ? ಹೋದ ವಾರ ಚಹಾ ಕುಡದಾನಲ್ರಿ ಹುಡುಗ?"

ಅವಳು ಕೈಯ ಕೆಲಸ ನಿಲ್ಲಿಸಿದಳು. "ಚಹಾಕ್ಕ ಯಾರರ ಕಾಳ ಹಾಕ್ತಾರೇನ್ರಿ ಬಾಯಾರ? ಒಬ್ಬರು ಕುಡೀತಾರ, ಒಬ್ಬರು ಕುಡ್ಯಾಂಗಿಲ್ಲ. ನನ್ನ ತಮ್ಮನೂ ಚಹಾ ಮುಟ್ಟಾಂಗಿಲ್ಲ. ಅವನೇನ ಕೆಟ್ಟವನು?"

ನನ್ನ ಮುಖ ಬಿಸಿಯಾಯಿತು. "ಮತ್ತ?" ಎಂದೆ.

"ಹುಡುಗನ ಮರ್ಯಾದಿ ಐತಿ. ಅವನಽ ಬಂದು ಕೇಳ್ಲಿ ಅಂತ ಸುಮ್ಮನ ಇದ್ದೆ. ನೀವು ಚಹಾ ಪಹಾ ಅಂತ ಏನೇನೋ ತಿಳಕೊಂಡೀರಿ. ಅದಕ್ಕ ಹೇಳ್ತೀನಿ." ಅವಳು ಮೊಳೆಯ ಮೇಲಿನ ಕಾರ್ಡಿನ ಕಡೆ ಗದ್ದ ಎತ್ತಿದಳು. "ಶ್ರಾವಣದಾಗ ಒಂದ್ ಗುರುವಾರ ಭಾಳ ಮಳಿ ಬಂತಲ್ರಿ? ಅವತ್ತ ಇವ ಬರಲಿಲ್ಲ. ಉಳದ ಹುಡುಗೂರು ತೊಯ್ಸಿಕೊಂಡು ಬಂದ್ರು, ಇವ ಬರಲಿಲ್ಲ. ಇರಲಿ, ಮಳಿ. ಮುಂದಿನ ಗುರುವಾರ ಬಂದ. ಕೈಗೆ ಪಟ್ಟಿ ಕಟ್ಟಿದ. ಒಮ್ಮೆ ಕಟ್ಟಿದ, ಎರಡು ಖಾನಿ ಬರದ. ನನಗ ಓದಾಕ ಬರಾಂಗಿಲ್ರಿ. ಎಣಸಾಕ ಬರತೈತಿ."

ನಾನು ಕಾರ್ಡು ತೆಗೆದು ನೋಡಿದೆ. ಶ್ರಾವಣದ ಸಾಲಿನಲ್ಲಿ ಎಲ್ಲ ಖಾನೆಗಳೂ ತುಂಬಿದ್ದವು. ಮಳೆಯ ವಾರದ ಖಾನೆಯಲ್ಲಿ ಅಂದವಾದ ಒಂದು ಅಂಕಿ, ಹಿಂದಿನ ವಾರದ ಅಂಕಿಗಿಂತ ಎರಡೇ ಎರಡು ಕಡಿಮೆ. ಆ ಸಾಲಿನ ಕೆಳಗೆ ನನ್ನ ಸಹಿ. ಆ ವಾರ ಎಷ್ಟು ಮಂದಿ ಹೋಗಿದ್ದರು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ತಿಂಗಳ ಕೊನೆಗೆ ಬಂದು, ಖಾನೆ ಖಾಲಿ ಇಲ್ಲವೆಂದು ನೋಡಿ, ಎಂಟು ಕಾರ್ಡಿಗೆ ಎಂಟು ಸಹಿ ಗೀಚಿ, ಹೋಳಿಗೆ ತಿಂದು ಹೋಗಿದ್ದೆ.

"ಅವತ್ತಽ ಗುಳಿಗಿ ಬಿಟ್ಟೆ," ಎಂದಳು ಗಂಗವ್ವ, ಹೊಲಕ್ಕೆ ನೀರು ಬಿಟ್ಟೆ ಎನ್ನುವಷ್ಟು ಸಹಜವಾಗಿ.

"ಏನಂದ್ರಿ?"

"ಗುಳಿಗಿ. ಬಿಪಿ ಜಾಸ್ತಿ ಐತಿ, ತಗೋ ಅಂತ ಹೇಳಿದವರು ಯಾರು? ಆ ಕಾರ್ಡು. ಕಾರ್ಡು ಬರದವರು ಯಾರು? ನೋಡಲಾರದಽ ಬರದರ ನನಗ ಜಾಸ್ತಿ ಐತೋ ಕಡಿಮಿ ಐತೋ ಯಾರಿಗೆ ಗೊತ್ತು? ಸುಳ್ಳ ಅಂಕಿಗೆ ಯಾಕ ಗುಳಿಗಿ ನುಂಗೂದು?"

ಅಲ್ಲಿಗೆ ನನಗೆ ಇನ್ನೊಂದು ವಿಷಯವೂ ತಿಳಿಯಿತು. ಶ್ರಾವಣದಿಂದ ಈಚೆಗೆ ಕಾರ್ಡಿನಲ್ಲಿ ಬಿಪಿ ವಾರವಾರ ಏರುತ್ತ ಹೋಗಿತ್ತು. ಪ್ರಣವ್ ಅದಕ್ಕೆ ಉಪ್ಪಿನಕಾಯಿ ಕಾರಣ ಎಂದು ಟಿಪ್ಪಣಿ ಬರೆದಿದ್ದ, ಹಪ್ಪಳ ನಿಲ್ಲಿಸಿದ್ದ. ಆಮೇಲಿನ ಅಂಕಿಗಳೆಲ್ಲ ಖರೆ. ಅವಳಿಗೆ ಅದು ಗೊತ್ತಾಗುವುದು ಹೇಗೆ? ನಾನೇ ಪಟ್ಟಿ ಕಟ್ಟಿ ನೋಡಿದೆ. ಎದೆ ಹಾರುವಷ್ಟು ಹೆಚ್ಚಿತ್ತು. ಇದು ಆಟವಲ್ಲ, ಲಕ್ವ ಹೊಡೆದೀತು, ಇವತ್ತಿನಿಂದಲೇ ಗುಳಿಗೆ ತಗೊಳ್ಳಿ ಎಂದು ಅವಳ ಕೈ ಹಿಡಿದು ಕೇಳಿಕೊಂಡೆ. ಅವಳು ನನ್ನನ್ನು ಸುಮ್ಮನೆ ನೋಡಿ, ಕಾರ್ಡಿನ ಮೇಲಿದ್ದ ನನ್ನ ಸಹಿಯ ಮೇಲೆ ಬೆರಳಿಟ್ಟಳು.

"ಇದು ನಿಮ್ದಽ ಅಲ್ರಿ?" ಎಂದಳು. ಬೈದಿದ್ದರೆ ವಾಸಿಯಾಗಿತ್ತು.

ಆ ರಾತ್ರಿಯಷ್ಟು ಕೆಟ್ಟ ನಿದ್ದೆ ನನಗೆ ನನ್ನ ಸ್ವಂತ ಪರೀಕ್ಷೆಗಳಲ್ಲೂ ಬಂದಿರಲಿಲ್ಲ. ಬೆಳಿಗ್ಗೆ ಕಾಲೇಜಿಗೆ ಹೋದವಳೇ ಪ್ರಣವ್‌ನನ್ನು ಕರೆದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಚಹಾದ ಟಿಪ್ಪಣಿಗೆ ದೇಸಾಯಿ ಸರ್ ಸಹಿ ಬಿದ್ದಾಗಿದೆ, ಅದು ಹಾಗೇ ಹೋದರೆ ನಿನಗೆ ಏನೂ ಆಗುವುದಿಲ್ಲ. ಆದರೆ ಗಂಗವ್ವ ಕಾಳು ಹಾಕದಿದ್ದದ್ದು ಚಹಾಕ್ಕಲ್ಲ. ಅವಳು ಎರಡು ತಿಂಗಳಿಂದ ಗುಳಿಗೆ ಬಿಟ್ಟಿದ್ದಾಳೆ. ನಾನು ಹೇಳಿದರೂ ಕೇಳಲಿಲ್ಲ, ಯಾಕೆಂದರೆ ನಾನೂ ನಿನ್ನ ಸಾಲಿನಲ್ಲೇ ಇದ್ದೇನೆ. "ಅವಳು ನೀನು ಬಂದು ಕೇಳಲಿ ಅಂತ ಕಾಯ್ತಿದ್ದಾಳೆ," ಎಂದೆ. ನನ್ನ ಟಿಪ್ಪಣಿಯನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ಅವನಿಗೆ ಬೇರೆ ದಾರಿಯೇ ಉಳಿಯುತ್ತಿರಲಿಲ್ಲ. ಅವನೇ ದಾರಿ ಆರಿಸಿಕೊಳ್ಳಲಿ ಎಂಬ ಹಟ ನನ್ನದು. ಇದು ಸರಿಯೋ ತಪ್ಪೋ ಎಂದು ಇವತ್ತಿಗೂ ನನ್ನೊಳಗೆ ಜಗಳವಿದೆ.

ಅವನ ಕಿವಿ ಕೆಂಪಾದವು. ತಲೆ ಬಗ್ಗಿಸಿ ಎದ್ದು ಹೋದ.

ಮರುದಿನ ಶನಿವಾರ, ಊರಿನ ಪಾಳಿ ಅಲ್ಲ. ನಾನು ರಾಣೇಬೆನ್ನೂರಿನಲ್ಲಿ ಮೊದಲ ಬಸ್ಸು ಹತ್ತಿದೆ. ಅವನು ಹೋಗಲಿ ಬಿಡಲಿ, ನನ್ನ ಸಹಿಯನ್ನಂತೂ ನಾನು ಹೊಡೆದುಹಾಕಬೇಕಿತ್ತು. ಕಿಟಕಿ ಪಕ್ಕದ ಸೀಟು ಹುಡುಕುತ್ತ ಹಿಂದೆ ಹೋದರೆ ಅಲ್ಲಿ ಪ್ರಣವ್ ಕುಳಿತಿದ್ದಾನೆ. ಬಿಳಿ ಕೋಟು ಮಡಿಲಲ್ಲಿ ಮುದ್ದೆಯಾಗಿತ್ತು. ಇಬ್ಬರಿಗೂ ಕಳ್ಳರು ಎದುರಾಬದುರಾ ಸಿಕ್ಕಂತಾಯಿತು. ಕಂಡಕ್ಟರ್, "ಏನ್ರಿ ಡಾಕ್ಟರ್ರ, ಇವತ್ತ ಗುರುವಾರ ಅಲ್ಲಲ್ರಿ? ಯಾರಿಗರ ಭಾಳ ಸೀರಿಯಸ್ಸೇನು?" ಎಂದ. ಪ್ರಣವ್, "ಹೌದು, ಸ್ವಲ್ಪ ಸೀರಿಯಸ್," ಎಂದ. ನನಗೆ ನಗು ಬಂತು, ಅವನಿಗೂ ಬಂತು.

ದೇಸಾಯಿ ಸರ್ ಏನು ಮಾಡಿದರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೋಮವಾರ ಇಬ್ಬರೂ ಅವರ ಮುಂದೆ ನಿಂತೆವು. ಅವರು ಚಹಾದ ಟಿಪ್ಪಣಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, "ಸಾಹಿತ್ಯ ಛಲೋ ಇತ್ತು," ಎಂದರು. ಪ್ರಣವ್ ಮೂರು ತಿಂಗಳು ಮತ್ತೆ ಕುಪ್ಪೇಲೂರಿಗೆ ಹೋಗಬೇಕಾಯಿತು, ತನ್ನವರಿಗಿಂತ ಒಂದು ಪರೀಕ್ಷೆ ಹಿಂದೆ ಬಿದ್ದ. ಕಾರ್ಡು ನೋಡದೆ ಸಹಿ ಹಾಕಿದ್ದಕ್ಕೆ ನನಗೂ ಒಂದು ಕಾಗದ ಬಂತು, ಮತ್ತು ಆ ಮೂರು ತಿಂಗಳು ಪ್ರತಿ ಗುರುವಾರ ಅವನ ಜೊತೆ ಹೋಗುವ ಶಿಕ್ಷೆ. ಶಿಕ್ಷೆ ಎಂದು ಹೆಸರು, ಅಷ್ಟೇ. ಆ ಚಳಿಗಾಲದಷ್ಟು ನಾನು ಬೇರೆ ಯಾವಾಗಲೂ ಕಲಿತಿಲ್ಲ, ಅಷ್ಟು ತಿಂದೂ ಇಲ್ಲ. ಪ್ರಣವ್ ಈಗ ಬೇರೆ ಜಿಲ್ಲೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿದ್ದಾನೆ.

ಆ ಶನಿವಾರ ನಾವು ಹೋದಾಗ ಗಂಗವ್ವ ಅಂಗಳದಲ್ಲಿ ಜೋಳ ಹರಡಿ, ಬರಿಗಾಲಲ್ಲಿ ಸಾಲು ಎಳೆಯುತ್ತ ನಡೆದಾಡುತ್ತಿದ್ದಳು. ರೇಣುಕಾ ಅಂಗನವಾಡಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಬಟ್ಟಲನ್ನು ನಾನು ತಂದೇ ಇರಲಿಲ್ಲ. ಪ್ರಣವ್ ಚಪ್ಪಲಿ ಬಿಟ್ಟು ಜೋಳದ ಅಂಚಿಗೆ ನಿಂತ.

"ಅಜ್ಜಿ, ನಂಗೆ ಯಾಕೆ ಕಾಳು ಹಾಕ್ಲಿಲ್ಲ?"

ಗಂಗವ್ವ ನಡೆಯುವುದನ್ನು ನಿಲ್ಲಿಸಲಿಲ್ಲ. "ನಿನಗ ಗೊತ್ತಿಲ್ಲೇನು ತಮ್ಮಾ?"

ಅವಳು ಆ ಸಾಲು ಮುಗಿಸಿ ತಿರುಗಿದಳು. "ಗೊತ್ತು," ಎಂದ. "ಮಳೆ ಬಂದಿದ್ದ ದಿನ ನಾನು ಬರಲಿಲ್ಲ. ಬಸ್ಸು ಇತ್ತು, ಬೇರೆಯವರು ಬಂದ್ರು. ಮರುದಿನ ಟೆಸ್ಟ್ ಇತ್ತು ಅಂತ ನಾನು ರಾಣೇಬೆನ್ನೂರಲ್ಲಿ ಇಳಿದವನು ವಾಪಸ್ ಹೋಗಿ ಓದ್ತಾ ಕೂತೆ. ಆಮೇಲೆ ಖಾನೆ ಖಾಲಿ ಇದ್ರೆ ಅಂಕ ಹೋಗತ್ತೆ ಅಂತ ಸುಳ್ಳು ಬರೆದೆ."

"ಟೆಸ್ಟಿನ್ಯಾಗ ಎಷ್ಟು ಬಂತು?"

"ಎಲ್ಲರಿಗಿಂತ ಜಾಸ್ತಿ."

"ಆಂ," ಎಂದಳು ಗಂಗವ್ವ. ಅಷ್ಟೇ. ಆದರೆ ನಡೆಯುವುದನ್ನು ನಿಲ್ಲಿಸಿದಳು.

ಅವನು ಒಳಗೆ ಹೋಗಿ ಮೊಳೆಯಿಂದ ಕಾರ್ಡು ತಂದ. ಕಟ್ಟೆಯ ಮೇಲೆ ಇಟ್ಟು ಆ ಖಾನೆಯ ಅಂಕಿಗೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ಬರೆದು ಹೆಸರು ಹಾಕಿದ. ಪೆನ್ನು ನನ್ನ ಕೈಗೆ ಕೊಟ್ಟ. ನಾನೂ ನನ್ನ ಸಹಿಗೆ ಗೆರೆ ಎಳೆದು ಒಂದು ಸಾಲು ಬರೆದೆ. ನನ್ನ ಅಕ್ಷರ ಯಾವತ್ತೂ ಚೆಂದವಿಲ್ಲ, ಆ ದಿನ ಇನ್ನೂ ಕೆಟ್ಟದಾಗಿತ್ತು. ಗಂಗವ್ವ, "ರೇಣುಕಾ, ಏನ್ ಬರದಾರ ನೋಡು," ಎಂದಳು.

ರೇಣುಕಾ ಅಂಗನವಾಡಿಯ ಮಕ್ಕಳಿಗೆ ಓದುವ ದನಿಯಲ್ಲಿ ಓದಿದಳು. "ಈ ವಾರ ನಾನು ಬರಲಿಲ್ಲ. ಇಲ್ಲಿ ಬರೆದದ್ದು ಸುಳ್ಳು. ಪ್ರಣವ್. ಕೆಳಗ ಬಾಯಾರು ಬರದಾರ, ನೋಡದೆ ಸಹಿ ಮಾಡಿದ್ದೇನೆ ಅಂತ."

"ಇನ್ನೊಮ್ಮೆ ಓದು."

ರೇಣುಕಾ ಇನ್ನೊಮ್ಮೆ ಓದಿದಳು. ಗಂಗವ್ವ ಕಾಲಿಗೆ ಹತ್ತಿದ ಕಾಳು ಝಾಡಿಸಿ ಕಟ್ಟೆಗೆ ಬಂದು ಕುಳಿತು, ಸೀರೆಯ ಸೆರಗು ಸರಿಸಿ ತೋಳು ಚಾಚಿದಳು. ಪ್ರಣವ್ ಪಟ್ಟಿ ಕಟ್ಟಿದ. ಗಾಳಿ ಹಾಕಿ, 'ಸುಸ್' ಎಂದು ಬಿಟ್ಟು, ಕಿವಿಗೊಟ್ಟು ಕೇಳಿ, ಅಂಕಿಯನ್ನು ಮೊದಲು ಅವಳಿಗೆ ಹೇಳಿದ.

"ಜಾಸ್ತಿ ಐತೇನು?"

"ತುಂಬಾ ಜಾಸ್ತಿ ಇದೆ ಅಜ್ಜಿ."

"ಖರೇನ?"

"ಖರೆ," ಎಂದ ಹಾಸನದ ಹುಡುಗ.

"ರೇಣುಕಾ, ಗುಳಿಗಿ ಡಬ್ಬಿ ತಾ. ನೀರೂ ತಾ."

ಡಬ್ಬಿ ಬಂತು. ಪ್ರಣವ್ ಗುಳಿಗೆಯ ಸ್ಟ್ರಿಪ್ಪಿನ ಹಿಂದಿನ ತಾರೀಖು ಓದಿ ನೋಡಿ, ಒಂದು ಗುಳಿಗೆ ಬಿಡಿಸಿ ಅವಳ ಅಂಗೈಗೆ ಹಾಕಿದ. ಅವಳು ಅದನ್ನು ಬಾಯಿಗೆ ಹಾಕಿಕೊಂಡು, ಚರಿಗೆಯ ನೀರು ಗಟಗಟ ಕುಡಿದಳು. ಅವನು ಕಾರ್ಡಿಗೆ ಕೈ ಹಾಕಿದ.

"ತಡಿ," ಎಂದು ಗಂಗವ್ವ ಅವನ ಪೆನ್ನು ಹಿಡಿದಳು. ಬಾಯಿ ದೊಡ್ಡದಾಗಿ ತೆರೆದು, ನಾಲಿಗೆ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ಅವನಿಗೆ ತೋರಿಸಿದಳು. ಅವನು ಬಗ್ಗಿ ನೋಡಿದ.

"ನೋಡಿದ್ಯಾ?" ಎಂದಳು. "ಈಗ ಬರಿ."